ಹಸಿರು ಹೆಪ್ಪಿನ ಮರ್ಯಾದೆ

ಬೋರಗಾಂವದ ಜೈನರ ಅಡಿಗೆಮನೆಗಳಲ್ಲಿ ಮರ್ಯಾದೆ ಎಂಬ ಮಾತಿಗೆ ಎರಡು ಅರ್ಥ. ಒಂದು ಮನುಷ್ಯರದು, ಅದು ಎಲ್ಲರಿಗೂ ಗೊತ್ತು, ಉಳಿಸಿಕೊಳ್ಳುವವರು ಕಡಿಮೆ. ಇನ್ನೊಂದು ಹಿಟ್ಟಿನದು, ನೀರಿನದು, ಮೊಸರಿನದು. ಬೀಸಿದ ಹಿಟ್ಟು ಮಳೆಗಾಲದಲ್ಲಿ ಇಷ್ಟು ದಿನ, ಚಳಿಗಾಲದಲ್ಲಿ ಇಷ್ಟು ದಿನ ಎಂದು ಕಟ್ಟಳೆ. ಸೋಸಿದ ನೀರಾದರೆ ಎರಡು ಗಳಿಗೆ, ಅಂದರೆ ಮುಕ್ಕಾಲು ತಾಸು, ಅಷ್ಟೇ. ಆ ಹೊತ್ತು ಮೀರಿತೆಂದರೆ ಅದರೊಳಗೆ ಕಣ್ಣಿಗೆ ಕಾಣದ ಜೀವಗಳು ಹುಟ್ಟಿಕೊಂಡವು ಎಂದು ತಿಳಿಯಬೇಕು. 'ಮರ್ಯಾದಿ ಮುಗೀತು' ಎಂದು ಹೆಂಗಸರು ಅದನ್ನು ತೆಗೆದಿಡುತ್ತಾರೆ. ಮತ್ತೆ ಹೊಸದಾಗಿ ಬೀಸುತ್ತಾರೆ, ಹೊಸದಾಗಿ ಸೋಸುತ್ತಾರೆ.

ರಾಜಮತಿ ಈ ಕಟ್ಟಳೆಯನ್ನು ಮಗ್ಗಿಗಿಂತ ಮೊದಲು ಕಲಿತವಳು. ಅಥಣಿ ತಾಲೂಕಿನ ಅನಂತಪುರದಲ್ಲಿ ಹುಟ್ಟಿದಳು. ಪಿಯುಸಿ ಸಾಯನ್ಸ್ ಮುಗಿಸಿ ಮುಂದೆ ಓದುತ್ತೇನೆಂದು ಅತ್ತು ಕರೆದರೂ ಕೇಳದೆ ತವರಿನವರು ಬೋರಗಾಂವದ ರಾವಸಾಹೇಬನಿಗೆ ಕೊಟ್ಟರು. ರಾವಸಾಹೇಬನದು ಪವರ್‌ಲೂಮ್ ಶೆಡ್ಡು. ಒಳ್ಳೆಯ ಮನುಷ್ಯ. ಆದರೆ ಹಗಲಿಡೀ ಮಗ್ಗಗಳ ಖಟಖಟದಲ್ಲಿ ಇದ್ದೂ ಇದ್ದೂ ಕಿವಿ ಮಂದವಾಗಿ, ಹೆಂಡತಿ ಏನು ಕೇಳಿದರೂ "ಹೂಂ, ಮಾಡ" ಎನ್ನುತ್ತಿದ್ದ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಕೆಲಸ ಖಾಲಿ ಇದೆ, ಹೋಗಲೇ ಎಂದು ಕೇಳಿದಾಗಲೂ ಹಾಗೆಯೇ ಅಂದ. ತಾನು ಯಾವುದಕ್ಕೆ ಹೂಂ ಅಂದೆನೆಂದು ಅವನಿಗೆ ತಿಳಿದದ್ದು ಆಕೆ ಸದಲಗಾ ಮೇಲೆ ಹೋಗುವ ಬಸ್ಸು ಹತ್ತಿದ ದಿನ.

ಅತ್ತೆ ಅಕ್ಕುತಾಯಿಯ ಕಿವಿ ಮಾತ್ರ ಚುರುಕು. ಮುಪ್ಪಿನಲ್ಲಿ ವ್ರತ ಹಿಡಿದ ಹೆಂಗಸು. ದಿನಕ್ಕೆ ಒಂದೇ ಊಟ, ಅದೂ ಸೊಸೆ ಮಡಿಯುಟ್ಟು, ಆಗಷ್ಟೇ ಸೋಸಿದ ನೀರಿನಲ್ಲಿ ಮಾಡಿದ್ದು. ಬೇರೆ ಯಾರ ಕೈಯ ಅಡಿಗೆಯನ್ನೂ ಆಕೆ ಮುಟ್ಟುತ್ತಿರಲಿಲ್ಲ.

"ಕಾಲೇಜಿನ್ಯಾಗ ಏನ ಕೆಲಸ ಮಾಡ್ತಿ?" ಎಂದು ಆಕೆ ಕೇಳಿದ್ದಕ್ಕೆ ರಾಜಮತಿ, "ಬಾಟ್ಲಿ ತೊಳಿತೀನಿ, ಆಯಿ," ಅಂದಿದ್ದಳು.

ಸುಳ್ಳಲ್ಲ. ಬಾಟಲಿ ತೊಳೆಯುತ್ತಿದ್ದಳು. ಬಾಟಲಿಯೊಳಗೆ ಏನಿರುತ್ತಿತ್ತು ಎಂಬುದನ್ನು ಅತ್ತೆ ಕೇಳಲಿಲ್ಲ, ಸೊಸೆ ಹೇಳಲಿಲ್ಲ. ಹೇಳಿದ್ದರೆ ಆ ಮುದುಕಿಯ ಒಪ್ಪೊತ್ತಿನ ಊಟಕ್ಕೂ ಕಲ್ಲು ಬೀಳುತ್ತಿತ್ತು.

ಬಾಟಲಿಯಲ್ಲಿ ಇರುತ್ತಿದ್ದದ್ದು ಬ್ಯಾಕ್ಟೀರಿಯಾ. ಕಾಂಚನ ಮೇಡಂ ಎಂಬ ಪ್ರಾಧ್ಯಾಪಕಿ ಧಾರವಾಡದಲ್ಲಿ ಪಿಎಚ್‌ಡಿ ಮುಗಿಸಿ ಬಂದ ಮೇಲೆ ಆ ಲ್ಯಾಬಿಗೆ ಜೀವ ಬಂದಿತ್ತು. ಅದುವರೆಗೆ ಅಲ್ಲಿ ಕಪ್ಪೆ ಕೊಯ್ಯುವುದೂ ನಿಂತು, ಬೀಕರುಗಳಲ್ಲಿ ಜೇಡ ಬಲೆ ಕಟ್ಟಿದ್ದವು. ಮೇಡಂ ಎಲ್ಲೆಲ್ಲಿಗೋ ಬರೆದು ಒಂದು ಪ್ರಾಜೆಕ್ಟು ತಂದರು. ಎಮ್ಮೆ ಆಕಳುಗಳಿಗೆ ಕೆಚ್ಚಲು ಬಾವು ಬರುತ್ತದಲ್ಲ, ಅದರ ರೋಗಾಣು ಹಾಲಿನಲ್ಲಿ ಇದೆಯೋ ಇಲ್ಲವೋ ಎಂದು ಬಾವು ಕಾಣುವ ಮೊದಲೇ ಹೇಳಿಬಿಡುವ ಉಪಾಯ. ಹಾಲಿನ ಹನಿಗೆ ಇವರು ಮಾಡಿದ ವಸ್ತು ಬೆರೆಸಬೇಕು. ಅದು ಹೋಗಿ ರೋಗಾಣುವಿಗೇ ಅಂಟಿಕೊಳ್ಳಬೇಕು. ನೀಲಿ ದೀಪದ ಕೆಳಗೆ ಹಿಡಿದರೆ ಅಂಟಿದಲ್ಲೆಲ್ಲ ಹಸಿರಾಗಿ ಹೊಳೆಯಬೇಕು. ಆ ವಸ್ತುವನ್ನು ಮಾಡಿಕೊಡುವುದು ಬ್ಯಾಕ್ಟೀರಿಯಾ. ದೂರದ ಒಂದು ಸಂಸ್ಥೆಯಿಂದ ಬೆರಳುದ್ದದ ಕೊಳವೆಯಲ್ಲಿ ಅವು ಬಂದ ದಿನ ಮೇಡಂ ಕೊಳವೆಯನ್ನು ಬೆಳಕಿಗೆ ಹಿಡಿದು ರಾಜಮತಿಗೆ ತಿಳಿಸಿ ಹೇಳಿದ್ದರು.

"ಇದರಾಗಿರೂ ಬ್ಯಾಕ್ಟೀರಿಯಾಕ್ಕ ಒಂದ ಪ್ಲಾಸ್ಮಿಡ್ ಹಾಕ್ಯಾರ, ಅಕ್ಕಾರ. ಹೊರಗಿಂದ ತೊಡಿಸಿದ ಬಳಿ ಅಂತ ತಿಳ್ಕೋರಿ. ಆ ಬಳಿ ಮ್ಯಾಲ ಮೂರ ಮಾತ ಬರದೈತಿ. ಮರಳಗಾಡಿನ ಒಂಟಿ ರಕ್ತದಾಗ ಒಂದ ಸಣ್ಣ ಆಂಟಿಬಾಡಿ ಇರ್ತೈತಿ, ಅದನ್ನ ಮಾಡೂದ ಹೆಂಗ ಅಂತ ಒಂದು. ನ್ಯಾನೋಬಾಡಿ ಅಂತಾರ ಅದಕ್ಕ. ಅದರ ಬಾಲಕ್ಕ ಹಸರ ಬೆಳಕ ಹಚ್ಚೂದ ಹೆಂಗ ಅಂತ ಇನ್ನೊಂದು. ಆಂಪಿಸಿಲಿನ್ ಹಾಕಿದ್ರೂ ಸಾಯದಂಗ ಇರೂದ ಹೆಂಗ ಅಂತ ಮೂರನೇದು."

"ಒಂಟಿದನ್ನ ಈ ಹುಳಾ ಮಾಡ್ತಾವ್ರಿ?"

"ಅವಕ್ಕೇನ ಗೊತ್ತ್ರಿ, ಒಂಟಿ ಯಾವುದು ಎಮ್ಮಿ ಯಾವುದು. ಬರದದ್ದನ್ನ ಮಾಡ್ತಾವ."

ರಾಜಮತಿಗೆ ಇದು ಥಟ್ಟನೆ ಮನಸ್ಸಿಗೆ ಹಿಡಿಯಿತು. ಸೂಪಿನಂಥ ಹಳದಿ ನೀರಿಗೆ ಒಂದು ಹನಿ ಹಾಕಿ ಬೆಚ್ಚಗೆ ಇಟ್ಟರೆ ಬೆಳಗಾಗುವುದರೊಳಗೆ ಮಬ್ಬಾಗಿ ತುಂಬಿಕೊಳ್ಳುತ್ತಿತ್ತು. ಹಾಲಿಗೆ ಹೆಪ್ಪು ಹಾಕಿದಂತೆಯೇ. ಆಕೆ ಅದನ್ನು ಹೆಪ್ಪು ಎಂದೇ ಕರೆದಳು. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅದು ಹಸಿರು ಹೆಪ್ಪಾಯಿತು. ಹೆಪ್ಪು ತಾನಾಗಿ ಹೊಳೆಯದು. ಇನ್ನೊಂದು ಔಷಧ ಹಾಕಿ ಅದನ್ನು ಎಬ್ಬಿಸಬೇಕು. ಮೊದಲ ಸಲ ಎಬ್ಬಿಸಿ, ಕಿಟಕಿ ಮುಚ್ಚಿ, ನೀಲಿ ದೀಪ ಹಿಡಿದಾಗ ಕೊಳವೆಯ ತಳದಲ್ಲಿ ಎಳೆ ಹೆಸರುಕಾಯಿಯ ಬಣ್ಣ ಹೊತ್ತಿಕೊಂಡಿತು. ಓದು ಬಿಟ್ಟು ಇಪ್ಪತ್ತು ವರ್ಷವಾದ ಹೆಂಗಸು ಅವತ್ತು ಅಡಿಗೆಮನೆಯಲ್ಲಿ ಹಾಡು ಗುನುಗಿದಳು. ಅತ್ತೆ ಹುಬ್ಬು ಏರಿಸಿ ನೋಡಿದಳು.

ಆದರೆ ಹೊಳಪು ಹೊರಗೆ ಬರಬೇಕಾದರೆ ಹೆಪ್ಪಿನ ಜೀವಗಳನ್ನೆಲ್ಲ ಒಡೆಯಬೇಕು. ಉಳಿದದ್ದನ್ನು ಉಗಿಯ ಪಾತ್ರೆಯಲ್ಲಿಟ್ಟು ಸುಡಬೇಕು. ಒಂದು ಉಸಿರಿನಲ್ಲಿ ಹದಿನೆಂಟು ಸಲ ಹುಟ್ಟಿ ಸಾಯುವ ನಿಗೋದ ಜೀವಗಳ ಮಾತನ್ನು ಬಸದಿಯ ಕಟ್ಟೆಯ ಮೇಲೆ ಕುಳಿತು ಕೇಳಿದವಳಿಗೆ ಇದು ಸಣ್ಣ ಮಾತಲ್ಲ. ರಾಜಮತಿ ಒಂದು ದಾರಿ ಮಾಡಿಕೊಂಡಿದ್ದಳು: ಅಷ್ಟಮಿ, ಚತುರ್ದಶಿಯಂದು ಒಡೆಯುವ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ, ಬೇರೆ ದಿನ ಉಗಿಪಾತ್ರೆಯ ಮುಚ್ಚಳ ಬಿಗಿಯುವಾಗ ಮನಸ್ಸಿನಲ್ಲೇ ಣಮೋಕಾರ ಮಂತ್ರ ಅನ್ನುತ್ತಿದ್ದಳು. ದೇವರು ಮೆಚ್ಚಿದನೋ ಬಿಟ್ಟನೋ, ಆಕೆಗೆ ನಿದ್ದೆ ಬರುತ್ತಿತ್ತು.

ಆ ಒಡೆಯುವ ಕೆಲಸವನ್ನು ಆಕೆಯ ಬದಲಿಗೆ ಎಷ್ಟೋ ಸಲ ಮಾಡಿಕೊಟ್ಟವನು ವಿಶ್ವಾಸ. ರಾಯಬಾಗ ತಾಲೂಕಿನ ದಿಗ್ಗೇವಾಡಿಯವನು, ಎಂಎಸ್ಸಿ ಮಾಡಿಕೊಂಡು ಪ್ರಾಜೆಕ್ಟಿನಲ್ಲಿ ಸಹಾಯಕನಾಗಿದ್ದ. ತಂದೆ ಇಲ್ಲ, ತಾಯಿ ಸುಂದ್ರವ್ವ ಹೊಳೆದಂಡೆಯ ಜೈನ ಗೌಡರ ಹೊಲಗಳಲ್ಲಿ ಕೂಲಿ ಮಾಡಿ ಓದಿಸಿದ್ದಳು. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ಜನ. "ಇವತ್ತ ಚತುರ್ದಶಿ ಅಲ್ರಿ ಅಕ್ಕಾರ? ಸರೀರಿ, ನಿಮ್ಮ ಪಾಪ ನನ್ನ ಖಾತೆಕ್ಕ ಬರೀಲಿ," ಎಂದು ನಗುತ್ತ ಆಕೆಯ ಕೈಯಿಂದ ಕೊಳವೆ ತೆಗೆದುಕೊಳ್ಳುತ್ತಿದ್ದ. ಬರುವ ವರ್ಷ ಮೇಡಂ ಕೈಕೆಳಗೆ ಅವನದೂ ಪಿಎಚ್‌ಡಿ ಶುರುವಾಗುವುದಿತ್ತು.

ಆ ಭಾದ್ರಪದದಲ್ಲಿ ಡೀಪ್ ಫ್ರೀಜರ್ ಕೆಟ್ಟಿತು. ಅದನ್ನು ಬೆಳಗಾವಿಗೆ ರಿಪೇರಿಗೆ ಕಳಿಸಿ, ಮೇಡಂ ತಾವು ಧಾರವಾಡಕ್ಕೆ ತರಬೇತಿಗೆ ಹೊರಟರು. ಹೆಪ್ಪಿನ ಕೊಳವೆಗಳನ್ನು ಸಾದಾ ಫ್ರಿಜ್ಜಿನಲ್ಲಿ ಇಟ್ಟು, "ಇವನ್ನ ನಂಬೂದ ಬ್ಯಾಡ. ನಾ ಬರೂತನ ದಿನಾ ಒಂದೀಟ ಹೆಪ್ಪ ತಗದ ಹೊಸಾ ಸೂಪಿಗೆ ಹಾಕ್ಕೋಂತ ಹೋಗ್ರಿ. ಆಂಪಿಸಿಲಿನ್ ಮರೀಬ್ಯಾಡ್ರಿ," ಎಂದು ರಾಜಮತಿಗೆ ಹೇಳಿದರು. ಆ ಆಂಪಿಸಿಲಿನ್ ಔಷಧವನ್ನು ಕರಗಿಸಿ ಸಣ್ಣ ಕೊಳವೆಗಳಲ್ಲಿ ತುಂಬಿಡುವುದು ವಿಶ್ವಾಸನ ಕೆಲಸ, ಹಾಕುವುದು ರಾಜಮತಿಯ ಕೆಲಸ.

ರಾಜಮತಿ ಮರೆಯಲಿಲ್ಲ. ಮರೆತಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ, ಮರೆವಿಗೆ ಮದ್ದಿದೆ. ಆಕೆ ಯೋಚಿಸಿದಳು. ನಮ್ಮಂಥವರು ಯೋಚಿಸಿದಾಗಲೇ ಅನಾಹುತವಾಗುವುದು.

ಅವು ಜೈನರ ದಶಲಕ್ಷಣ ಪರ್ವದ ಹತ್ತು ದಿನಗಳು. ಮನೆಯಲ್ಲಿ ಹಸಿರು ಕಾಯಿಪಲ್ಯ ಕೂಡ ಹೆಚ್ಚುವಂತಿಲ್ಲ. ಮಗ್ಗದ ಶೆಡ್ಡಿನಲ್ಲಿ ಸೊಳ್ಳೆ ಓಡಿಸುವ ಹೊಗೆ ಬಂದ್. ಇಂಥದ್ದರಲ್ಲಿ ತಾನು ದಿನಾ ಮುಂಜಾನೆ ವಿಷ ಹಾಕುವುದೇ? ಆಂಪಿಸಿಲಿನ್ ಯಾಕೆ ಎಂದು ಮೇಡಂ ಹಿಂದೊಮ್ಮೆ ಹೇಳಿದ್ದರು: ಬಳೆ ಇಲ್ಲದವು ಬೆಳೆಯದಂತೆ ಸಾಯಿಸಲಿಕ್ಕೆ. ಈ ಹೆಪ್ಪಿನಲ್ಲಿ ಇರುವವೆಲ್ಲ ಬಳೆ ತೊಟ್ಟವೇ ಅಲ್ಲವೇ? ಸಾಯಿಸಬೇಕಾದವು ಯಾವುವೂ ಇಲ್ಲ ಅಂದ ಮೇಲೆ ವಿಷವೇಕೆ? ಪರ್ವ ಮುಗಿಯುವವರೆಗೆ ಬೇಡ ಎಂದುಕೊಂಡಳು. ಹೆಪ್ಪು ದಿನಾ ಚೆನ್ನಾಗಿ ತುಂಬಿತು, ಮೊದಲಿಗಿಂತ ಜೋರಾಗಿಯೇ. ತನ್ನ ದಯೆಗೆ ಅವು ಖುಷಿಯಾಗಿವೆ ಎಂದು ಆಕೆಗೆ ಅನಿಸಿತೆಂದರೆ ನಗಬೇಡಿ. ಪರ್ವದ ಕೊನೆಯಲ್ಲಿ ಫ್ರಿಜ್ಜು ಒರೆಸುವಾಗ ಹಳೆಯ ಕೊಳವೆಗಳು ಕಂಡವು. ಮೇಡಮ್ಮೇ ಇವನ್ನು ನಂಬಬೇಡಿ ಅಂದಿದ್ದಾರೆ, ಮರ್ಯಾದೆ ಮುಗಿದವು. ತಾಜಾ ಹೆಪ್ಪು ತುಂಬಿ ಹೊಸ ಕೊಳವೆ ಇಟ್ಟು, ಹಳೆಯವನ್ನು ಮನಸ್ಸಿಲ್ಲದ ಮನಸ್ಸಿನಿಂದ ಉಗಿಪಾತ್ರೆಗೆ ಹಾಕಿದಳು. ಮೊಸರಿನ ಮನೆಯ ಬುದ್ಧಿ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಅಂದು ಜೈನರು ಕಂಡಕಂಡವರಿಗೆ ಕೈಮುಗಿದು ಕ್ಷಮೆ ಕೇಳುತ್ತಾರೆ. ರಾಜಮತಿ ಲ್ಯಾಬಿನಲ್ಲಿ ವಿಶ್ವಾಸನಿಗೂ ಕೈಮುಗಿದಳು. "ತಿಳದೋ ತಿಳೀದನೋ ನಿನಗೇನರ ನೋವ ಮಾಡಿದ್ರ ಕ್ಷಮಾ ಮಾಡಪಾ."

"ನೀವೇನ ನೋವ ಮಾಡ್ತೀರಿ, ಅಕ್ಕಾರ," ಎಂದು ಅವನು ನಾಚಿಕೊಂಡ. "ಮಾಡಿದ್ರೂ ಮಾಫ್."

ಮೇಡಂ ವಾಪಸು ಬಂದವರೇ ಹೆಪ್ಪನ್ನು ಎಬ್ಬಿಸಿದರು. ಪ್ರಾಜೆಕ್ಟು ನೋಡಲು ಕಮಿಟಿಯವರು ಬರುವುದಿತ್ತು. ಕಿಟಕಿ ಮುಚ್ಚಿ ನೀಲಿ ದೀಪ ಹಿಡಿದರೆ ಕೊಳವೆಯ ತಳದಲ್ಲಿ ಬರೀ ಮಣ್ಣುಬಣ್ಣದ ಗಸಿ. ಇನ್ನೊಂದು ಕೊಳವೆ, ಮತ್ತೊಂದು, ಎಲ್ಲವೂ ಅದೇ. ಹಳೆಯವು ಎಲ್ಲಿ ಎಂದರು, ಇಲ್ಲ. ಕೊಳವೆ ಕಳಿಸಿದ ಸಂಸ್ಥೆಗೆ ಫೋನು ಹಚ್ಚಿ ಬಹಳ ಹೊತ್ತು ಮಾತಾಡಿ, ಮುಖ ಬಿಳಿಚಿಕೊಂಡು ಬಂದು ಸ್ಟೂಲಿನ ಮೇಲೆ ಕುಳಿತರು.

"ಬಳಿ ಕಳದ ಒಗದಾವ," ಅಂದರು. "ಆಂಪಿಸಿಲಿನ್ ಇದ್ದಾಗಷ್ಟ ಅವು ಬಳಿ ಇಟ್ಕೋತಾವ. ವಿಷಾ ಇಲ್ಲಂದ್ರ ಬಳಿ ಅನ್ನೂದ ಬರೇ ಭಾರ ಅವಕ್ಕ. ಬಳಿ ಇಲ್ಲದ್ದು ಒಂದ ಹುಟ್ಟಿದ್ರ ಸಾಕು, ಅದ ಜೋರಲೆ ಬೆಳೀತೈತಿ, ಬಳಿ ಇದ್ದದ್ದು ಹಿಂದ ಬೀಳ್ತಾವ. ದಿನಾ ಹಂಗ ಹಾಕ್ಕೋಂತ ಹೋದ್ರ ಕಡೀಕ ಒಂದೂ ಉಳಿಯೂದಿಲ್ಲ. ವಿಶ್ವಾಸ, ಔಷಧ ಹೆಂಗ ಮಾಡಿಟ್ಟಿದ್ದಿ?"

ಸಿಂಕಿನ ಮುಂದೆ ನಿಂತಿದ್ದ ರಾಜಮತಿಯ ಕೈಯಲ್ಲಿ ತೊಳೆಯುತ್ತಿದ್ದ ಬಾಟಲಿ ಹಾಗೆಯೇ ನಿಂತಿತು.

"ಸರೀನ ಮಾಡೇನ್ರಿ ಮೇಡಂ, ಯಾವಾಗ್ಲೂ ಮಾಡಿದಂಗ," ಅಂದ ವಿಶ್ವಾಸ. "ದಿನಾ ಹಾಕ್ಯಾರ ಅಕ್ಕಾರ. ಕೇಳ್ರಿ ಬೇಕಾರ."

ಅವನು ಆಕೆಯತ್ತ ತಿರುಗಿದ. ಆ ಕಣ್ಣುಗಳಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಮೇಡಮ್ಮೂ ತಿರುಗಿದರು. ರಾಜಮತಿಯ ತಲೆಯಲ್ಲಿ ಒಂದೇ ಸಲಕ್ಕೆ ಎಲ್ಲ ನುಗ್ಗಿದವು: ಹೋಗುವ ಕೆಲಸ, ಊರ ಬಾಯಿ, ಅತ್ತೆಯ ಕಿವಿಗೆ ಮುಟ್ಟುವ ಹುಳಗಳ ಸುದ್ದಿ, ಖಾಲಿ ತಾಟಿನ ಮುಂದೆ ಕುಳಿತ ಮುದುಕಿ.

"ಹೂಂ, ಹಾಕೇನ್ರಿ," ಅಂದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಹೊಸದಲ್ಲ. ಔಷಧ ಹಾಕಿದ್ದು ನಿಜವಾದರೆ ಔಷಧವೇ ಸತ್ತದ್ದು. ವಿಶ್ವಾಸ ಅದನ್ನು ಫ್ರಿಜ್ಜಿನ ಹೊರಗೆ ಬಿಟ್ಟು ಕೆಡಿಸಿದ್ದಾನೆ ಎಂದು ಮೇಡಂ ತೀರ್ಪು ಕೊಟ್ಟರು. ಉಳಿದ ಔಷಧವನ್ನು ಪರೀಕ್ಷಿಸಿದ್ದರೆ ಒಂದೇ ದಿನದಲ್ಲಿ ನಿಜ ತಿಳಿಯುತ್ತಿತ್ತು. ಸಿಟ್ಟಿನಲ್ಲಿ ಅದನ್ನೂ ಅವರೇ ಸಿಂಕಿಗೆ ಸುರಿದರು. ಅವನು ಇಲ್ಲ ಇಲ್ಲ ಎಂದಷ್ಟೂ ಅವರ ದನಿ ಏರಿತು. "ತಪ್ಪ ಮಾಡಿದ್ದಲ್ದ ವಾದಾ ಮಾಡ್ತಿ? ನಾಳಿಯಿಂದ ಬರಬ್ಯಾಡ." ಅವನು ಬಿಳಿ ಕೋಟು ಬಿಚ್ಚಿ ಮಡಚಿ ಇಟ್ಟು ಹೋದ. ಹೋಗುವಾಗಲೂ ರಾಜಮತಿಗೆ, "ಬರ್ತೀನ್ರಿ ಅಕ್ಕಾರ," ಅಂದ. ಅದು ಆಕೆಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಕ್ಷಮೆಯ ದಿನ ಕಳೆದುಹೋಗಿತ್ತು. ತಪ್ಪು ಗೊತ್ತಿಲ್ಲದಾಗ ಕೈಮುಗಿಯುವುದು ಎಷ್ಟು ಸುಲಭವಾಗಿತ್ತು! ಈಗ ಕೈ ಮೇಲೇಳಲಿಲ್ಲ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಆಕೆ ಬಸ್ಸಿನಲ್ಲಿ ಹೋಗುವಾಗ ಅಂದುಕೊಳ್ಳುತ್ತಿದ್ದಳು, ಬರುವಾಗ ನುಂಗುತ್ತಿದ್ದಳು. ಬಿಸಿತುಪ್ಪ, ಉಗುಳಲೂ ಆಗದು.

ಊರಿನಲ್ಲಿ ಚಾತುರ್ಮಾಸಕ್ಕೆ ನಿಂತ ಮುನಿಗಳಿದ್ದರು. ಅವರ ಆಹಾರ ಒಮ್ಮೆಯಾದರೂ ತಮ್ಮ ಮನೆಯಲ್ಲಿ ಆಗಬೇಕೆಂಬುದು ಅಕ್ಕುತಾಯಿಯ ಆಸೆ. ಅದು ಕರೆದರೆ ಆಗುವುದಲ್ಲ. ಮನೆಯವರು ಮಡಿಯುಟ್ಟು, ಅಡಿಗೆ ಸಿದ್ಧ ಮಾಡಿಟ್ಟು, ಬಾಗಿಲ ಮುಂದೆ ಕಲಶ ಹಿಡಿದು ನಿಲ್ಲಬೇಕು. ಮುನಿಗಳು ಮನಸ್ಸಿನಲ್ಲಿ ಏನೋ ಒಂದು ನೇಮ ಹಿಡಿದು ಬರುತ್ತಾರೆ. ಅದು ಕೂಡಿದ ಬಾಗಿಲಲ್ಲಿ ನಿಲ್ಲುತ್ತಾರೆ. ಆಗ ಮನೆಯವರು ನಮೋಸ್ತು ಎಂದು ಬರಮಾಡಿಕೊಂಡು, ನಮ್ಮ ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಅನ್ನನೀರು ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೇ ಒಳಗೆ ಬರುವುದು. ಅಕ್ಕುತಾಯಿ ಎಷ್ಟೋ ಮುಂಜಾನೆ ಹಾಗೆ ನಿಂತು, ಮುನಿಗಳು ಮುಂದಿನ ಬಾಗಿಲಿಗೆ ಹೋದದ್ದನ್ನು ನೋಡಿ ಕಣ್ಣೊರೆಸಿಕೊಂಡಿದ್ದಳು.

ವಿಶ್ವಾಸ ಹೋದ ವಾರದಲ್ಲೇ ಒಂದು ಮುಂಜಾನೆ ಮುನಿಗಳು ಅವರ ಬಾಗಿಲಲ್ಲಿ ನಿಂತರು.

ಅಕ್ಕುತಾಯಿ ಕಲಶವನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಳು. ಆಕೆಗೆ ದನಿ ಏಳದು, ರಾವಸಾಹೇಬನಿಗೆ ಸಾಲು ನೆನಪಿರದು, ಹೇಳಬೇಕಾದವಳು ಸೊಸೆ. ರಾಜಮತಿ ಶುರು ಮಾಡಿದಳು. "ಹೇ ಸ್ವಾಮಿ, ನಮೋಸ್ತು, ನಮೋಸ್ತು, ನಮೋಸ್ತು. ಅತ್ರ ಅತ್ರ, ತಿಷ್ಠ ತಿಷ್ಠ. ಮನಶುದ್ಧಿ..." ಅಲ್ಲಿಗೇ ದನಿ ಒಡೆಯಿತು. ಮುಂದಿನ ಮಾತು ವಚನಶುದ್ಧಿ. ಹೂಂ, ಹಾಕೇನ್ರಿ ಎಂಬ ತನ್ನದೇ ದನಿ ಕಿವಿಯಲ್ಲಿ ಕೇಳಿತು. ಅತ್ತೆ ಪಕ್ಕದಿಂದ, "ಹೇಳ ಬೇ, ಹೇಳ," ಎಂದು ಪಿಸುಗುಟ್ಟಿದಳು. ಮುನಿಗಳು ಕಣ್ಣು ಕೆಳಗೆ ಮಾಡಿ ಒಂದಿಷ್ಟು ಹೊತ್ತು ನಿಂತರು. ಆಮೇಲೆ ಸಿಟ್ಟಿಲ್ಲದೆ, ಮಾತಿಲ್ಲದೆ, ನವಿಲುಗರಿಯ ಪಿಂಛಿಯನ್ನು ಎದೆಗೊತ್ತಿಕೊಂಡು ಮುಂದಕ್ಕೆ ನಡೆದುಬಿಟ್ಟರು.

ಅಕ್ಕುತಾಯಿ ಹೊಸ್ತಿಲಲ್ಲೇ ಕುಸಿದು ಕುಳಿತಳು. ಓಣಿಯ ಹೆಂಗಸರು ನೋಡುತ್ತಿದ್ದರು. ಒಳಗೆ ಹೋದ ಮೇಲೆ ಆಕೆ ಕೇಳಿದ್ದು ಒಂದೇ ಮಾತು. "ಹೊರಗ ಆಗಿದ್ದಿ ಏನು? ಮುಚ್ಚಿಟ್ಟ ನಿಂತಿದ್ದಿ?"

"ಇಲ್ಲ ಆಯಿ," ಎಂದು ರಾಜಮತಿ ಎಲ್ಲವನ್ನೂ ಹೇಳಿದಳು. ಬಾಟಲಿಯಲ್ಲಿ ಏನಿರುತ್ತದೆ, ಅದನ್ನು ಹೇಗೆ ಒಡೆಯುತ್ತಾರೆ, ಪರ್ವದ ದಯೆ, ಹಾಕದ ಔಷಧ, ಹೇಳಿದ ಸುಳ್ಳು, ಹೋದ ಹುಡುಗ. ಹೇಳುತ್ತ ಅತ್ತಳು. ಮುದುಕಿ ಕಣ್ಣು ಮುಚ್ಚಿ ಕೇಳಿದಳು.

"ಇಷ್ಟ ವರ್ಷ ಆ ಕೈಲೆ ನನಗ ಉಣಿಸಿದಿ," ಅಂದಳು ಕೊನೆಗೆ. ಅಷ್ಟೇ. ಎದ್ದು ಒಲೆಯ ಮುಂದೆ ಹೋಗಿ, ತಾನೇ ಹಿಟ್ಟು ಕಲೆಸತೊಡಗಿದಳು. ರಾಜಮತಿ ಹತ್ತಿರ ಹೋದರೆ ಮೊಳಕೈಯಿಂದ ತಡೆದಳು. ಅಂದು ಮುರಿದ ಊಟದ ಸಂಬಂಧ ಮತ್ತೆ ಕೂಡಲಿಲ್ಲ. ಇವತ್ತಿಗೂ ಆಕೆ ತನ್ನ ರೊಟ್ಟಿಯನ್ನು ತಾನೇ ಸುಟ್ಟುಕೊಂಡು ತಿನ್ನುತ್ತಾಳೆ, ಒಮ್ಮೊಮ್ಮೆ ಹಸಿಬಿಸಿಯಾಗಿಯೇ.

"ಕ್ಷಮಾ ಮಾಡ್ರಿ, ಆಯಿ," ಎಂದು ರಾಜಮತಿ ಆಕೆಯ ಕಾಲು ಹಿಡಿದಾಗ ಮುದುಕಿ ಹಿಟ್ಟಿನ ಕೈಯನ್ನು ಎತ್ತಿ ಹಿಡಿದು ಅಂದಳು: "ನನ್ನ ಮುಂದ ಹೇಳಿದ್ರ ಏನಾಗೂದೈತಿ? ನಾ ಏನ ಆ ಹುಡುಗನ ಅವ್ವೇನು?"

ಮರುದಿನ ರಾಜಮತಿ ಮೇಡಂ ಮುಂದೆ ನಿಂತು ಹೇಳಿದಳು. ಕಾಂಚನ ಮೇಡಂ ಕೆಟ್ಟವರಲ್ಲ. ಕೇಳಿ ತಲೆಯ ಮೇಲೆ ಕೈ ಹೊತ್ತುಕೊಂಡರು. ಬಾಗಿಲು ಮುಚ್ಚಿ ಬಂದು ದನಿ ಇಳಿಸಿದರು.

"ಈಗ ಹೇಳ್ತೀರಲ್ರಿ, ಅಕ್ಕಾರ! ಅಂವನ ತಪ್ಪು ಅಂತ ನಾ ಕಮಿಟಿಗೆ ಬರದ ಕಳಿಸೇನಿ. ಈಗ ಅಟೆಂಡರ್ ಮಾಡ್ಯಾಳ ಅಂದ್ರ, ಹೆಪ್ಪ ಅಟೆಂಡರ್ ಕೈಯಾಗ ಯಾಕ ಕೊಟ್ಟಿ ಅಂತ ನನ್ನ ಕೇಳ್ತಾರ. ಪ್ರಾಜೆಕ್ಟ ಹೋಗ್ತೈತಿ. ಹೊಸಾ ಪ್ಲಾಸ್ಮಿಡ್ ತರಸಾಕತ್ತೇನಿ. ಕಮಿಟಿ ಬಂದ ಹೋಗ್ಲಿ, ಆಮ್ಯಾಲ ಏನರ ಮಾಡೂಣು. ಅಲ್ಲೀತನ ಸುಮ್ಮ ಇರ್ರಿ."

"ಅಂವನ ಹೆಸರ್ರಿ?"

"ವಯಸ್ಸಿನ ಹುಡುಗ. ಬ್ಯಾರೆ ಕಡೆ ಸಿಗ್ತೈತಿ," ಅಂದರು ಮೇಡಂ, ಆಕೆಯ ಮುಖ ನೋಡದೆ.

ಬಳೆ ಹೋದರೆ ಬಳೆ ತರಿಸಬಹುದು, ಹೋದ ಹೆಸರನ್ನು ಎಲ್ಲಿಂದ ತರಿಸುವುದು? ಇದನ್ನು ಮನಸ್ಸಿನಲ್ಲಿ ಅಂದುಕೊಂಡು ರಾಜಮತಿ ಅರ್ಧ ದಿನ ರಜೆ ಹಾಕಿ, ರಾಯಬಾಗದ ಕಡೆಯ ಬಸ್ಸು ಹತ್ತಿದಳು. ಊರಿಗೆ ತಿರುಗುವ ಫಾಟಾದಲ್ಲಿ ಇಳಿದು, ಕಬ್ಬಿನ ನಡುವಿನ ಹಾದಿ ಹಿಡಿದು ದಿಗ್ಗೇವಾಡಿ ಸೇರುವಾಗ ಹೊತ್ತು ಇಳಿಮುಖವಾಗಿತ್ತು.

ಸುಂದ್ರವ್ವ ಅಂಗಳದಲ್ಲಿ ಮೇವಿನ ಹೊರೆ ಬಿಚ್ಚುತ್ತಿದ್ದಳು. ಕಾಲೇಜಿನಿಂದ ಬಂದೆ, ರಾಜಮತಿ ಎನ್ನುತ್ತಲೇ ಆಕೆಯ ಮುಖ ಅರಳಿತು. "ಬರ್ರಿ ಬಾಯಾರ, ಬರ್ರಿ. ನಮ್ಮ ವಿಶ್ವಾಸ ನಿಮ್ಮ ಹೆಸರ ಬಾಳ ಹೇಳ್ತಿದ್ದ." ಕಟ್ಟೆಯ ಮೇಲೆ ಚಾಪೆ ಹಾಸಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ತೊಳೆದು ಥಳಥಳ ಮಾಡಿದ ತಂಬಿಗೆ.

"ತಗೋರಿ. ಬಿಳೇ ಅರಿವಿ ಎರಡ ಮಡಚಿ ಮಾಡಿ ಸೋಸೇನ್ರಿ. ಅರಿವಿ ಹೊಸಾದು," ಅಂದಳು. "ಹುಟ್ಟಾ ನಿಮ್ಮ ಮಂದಿ ಹೊಲದಾಗ ದುಡದಾಕಿ ನಾ. ನನಗ ಗೊತ್ತೈತ್ರಿ."

ಕೇಳದೆಯೇ ಸೋಸಿ ತಂದ ಆ ನೀರನ್ನು ರಾಜಮತಿ ಮುಟ್ಟಲಾರದೆ ಹೋದಳು. ತಂಬಿಗೆಯನ್ನು ಮುಂದೆ ಇಟ್ಟುಕೊಂಡು, "ವಿಶ್ವಾಸ ಎಲ್ಲದಾನ್ರಿ, ಅವ್ವಾರ?" ಎಂದಳು. ಹೊಲಕ್ಕೆ ಬರುವ ಆಳಿನ ಹೆಂಗಸರನ್ನು ಏಕವಚನದಲ್ಲಿ ಕೂಗಿ ಬೆಳೆದ ನಾಲಿಗೆಗೆ ಆ 'ರಿ' ತಾನಾಗಿಯೇ ಬಂತು.

"ಕಾಗವಾಡದ ಆಚಿ ಯಾವುದೋ ಕಾರಖಾನಿ ಸೇರ್ಯಾನಂತ್ರಿ. ಮೂಟಿ ಎಣಸೂ ಕೆಲಸಂತ. ನನ್ನ ಫೋನ ಎತ್ತೂದಿಲ್ಲ," ಎಂದು ಸುಂದ್ರವ್ವ ಕೆಳಗೆ ಕುಳಿತಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. "ತಪ್ಪ ನಂದೂ ಐತ್ರಿ. ಮನೀಗಿ ಬಂದ, ನಾ ಮಾಡಿಲ್ಲವ್ವಾ ಅಂದ. ದೊಡ್ಡ ಓದಿದ ಮೇಡಂ ಸುಳ್ಳ ಹೇಳ್ತಾರೇನು ಅಂತ ನಾ ಅಂವಗ ಬೈದೆ. ಹೋಗಿ ಕಾಲ ಹಿಡಿ, ತಪ್ಪಾತು ಅನ್ನು ಅಂದೆ. ನೀನೂ ನಂಬೂದಿಲ್ಲಲ್ಲ ಅಂತ ಹೋದವ ಹೊಳ್ಳಿ ಬಂದಿಲ್ರಿ."

ರಾಜಮತಿಗೆ ಆಗ ತನ್ನ ಸುಳ್ಳು ಎಷ್ಟು ದೂರ ಹರಿದಿದೆ ಎಂದು ಕಂಡಿತು. ತಾನು ಅವನ ಕೆಲಸವೊಂದನ್ನು ಕಳೆದೆ ಎಂದುಕೊಂಡಿದ್ದಳು. ಕಳೆದದ್ದು ಒಬ್ಬ ತಾಯಿಯ ನಂಬಿಕೆಯನ್ನು.

"ಅಂವ ಮಾಡಿಲ್ರಿ, ಅವ್ವಾರ. ನಾ ಮಾಡೇನಿ," ಅಂದಳು. ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ಹುಳ, ಬಳೆ, ಔಷಧ ಎಲ್ಲವನ್ನೂ ತನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದಳು. "ಅಕ್ಕಾರನ್ನ ಕೇಳ್ರಿ ಅಂತ ಅಂವ ನನ್ನ ನಂಬಿ ಅಂದಾನ್ರಿ. ನಾ ಹಾಕೇನಿ ಅಂತ ಸುಳ್ಳ ಹೇಳಿದೆ." ಮೇಡಂ ಸುಮ್ಮನಿರು ಅಂದದ್ದನ್ನೂ ಮುಚ್ಚಿಡಲಿಲ್ಲ. ಕಮಿಟಿಯವರು ಬಂದ ದಿನ ಅವರ ಎದುರಿಗೇ ನಿಂತು ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ ಅಂದಳು.

ಸುಂದ್ರವ್ವ ಬೈಯಲಿಲ್ಲ. ಬೈದಿದ್ದರೆ ರಾಜಮತಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆ ಬಿಚ್ಚಿದ ಮೇವಿನ ಕಡೆ ನೋಡುತ್ತ ಕುಳಿತಳು. "ನಾ ಅಂವಗ ಬೈದೆ," ಎಂದು ತನಗೆ ತಾನೇ ಅಂದುಕೊಂಡಳು. ಸೂರ್ಯ ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿದ್ದ. ಹೊತ್ತು ಮುಳುಗಿದರೆ ಜೈನರ ನೇಮದಂತೆ ರಾಜಮತಿ ನೀರನ್ನೂ ಮುಟ್ಟುವಂತಿಲ್ಲ. ಗಂಟಲು ಒಣಗಿ ಬಂದಿತ್ತು. ಆಕೆ ತಂಬಿಗೆಗೆ ಕೈ ನೀಡಿದಳು.

ಸುಂದ್ರವ್ವ ಅದನ್ನು ತನ್ನತ್ತ ಸರಿಸಿಕೊಂಡಳು.

"ತಡೀರಿ. ಇದರ ಮರ್ಯಾದಿ ಮುಗದೈತಿ," ಅಂದಳು.

ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದು ಒಳಗೆ ಹೋದಳು. ಅದು ಕಾಳಜಿಯೋ ಏಟೋ ರಾಜಮತಿಗೆ ತಿಳಿಯಲಿಲ್ಲ, ಎರಡೂ ಇರಬೇಕು. ಒಳಗೆ ಕೊಡದಿಂದ ನೀರು ಬಗ್ಗಿಸಿದ ಸದ್ದು. ಆಮೇಲೆ ಫೋನಿನ ಗುಂಡಿ ಒತ್ತಿದ ಸದ್ದು, ಒಮ್ಮೆ, ಇನ್ನೊಮ್ಮೆ, ಮತ್ತೂ ಒಮ್ಮೆ. ಕೊನೆಗೆ ಸುಂದ್ರವ್ವನ ದನಿ ಕೇಳಿತು. "ಇಡಬ್ಯಾಡೋ, ಇಡಬ್ಯಾಡ ನನ್ನಪ್ಪಾ. ಒಂದ ಮಾತ ಕೇಳ. ನನ್ನ ಮಾತಲ್ಲ."

ಆಕೆ ಹೊರಗೆ ಬಂದಾಗ ಒಂದು ಕೈಯಲ್ಲಿ ತಂಬಿಗೆ ಇತ್ತು, ಇನ್ನೊಂದರಲ್ಲಿ ಫೋನು. ಕಬ್ಬಿನ ಮೇಲೆ ಬೊಟ್ಟಿನಷ್ಟು ಸೂರ್ಯ ಉಳಿದಿದ್ದ. ತಂಬಿಗೆಯನ್ನು ದೂರ ಕಟ್ಟೆಯ ತುದಿಯಲ್ಲಿಟ್ಟು, ಫೋನನ್ನು ರಾಜಮತಿಯ ಮುಂದೆ ಹಿಡಿದಳು.

"ಅದಾನ. ಮೊದಲ ಮಾತಾಡ್ರಿ, ಬಾಯಾರ. ಹೊತ್ತ ಇದ್ರ ನೀರ ಕುಡಿಯೀರಂತ."

ರಾಜಮತಿ ನೀರಿನತ್ತ ನೋಡಲಿಲ್ಲ. ಫೋನು ತೆಗೆದುಕೊಂಡು ಕಿವಿಗೆ ಹಿಡಿದಳು.